ಕರುಳಿನ ಉರಿಯೂತಕ್ಕೆ ಪಥ್ಯ ಎಷ್ಟು ಬೇಕು?

ನಮ್ಮ ದೇವನಕೊಂಡ, ಆದೋನಿ ಕಡೆ ಯಾರಿಗಾದರೂ ಭೇದಿ ಹಿಡಿದು ಮಲದಲ್ಲಿ ರಕ್ತ ಕಂಡರೆ, ಕನ್ನಡದ ಮನೆಯಲ್ಲಿ 'ಉಷ್ಣ ಆಗಿದೆ' ಎನ್ನುತ್ತಾರೆ, ತೆಲುಗಿನ ಮನೆಯಲ್ಲಿ 'ವೇಡಿ ಚೇಸಿಂದಿ' ಎನ್ನುತ್ತಾರೆ. ಮಾತು ಎರಡಾದರೂ ಮದ್ದು ಒಂದೇ: ಖಾರ ಬಿಡು, ರೊಟ್ಟಿ ಬಿಡು, ಮಜ್ಜಿಗೆ ಅನ್ನ ಉಣ್ಣು. ಹಲವರಿಗೆ ನಾಲ್ಕು ದಿನದಲ್ಲಿ ವಾಸಿಯಾಗುತ್ತದೆ. ವಾರಗಟ್ಟಲೆ ವಾಸಿಯಾಗದಿದ್ದರೆ ಅದು ಕರುಳಿನ ದೀರ್ಘಕಾಲದ ಉರಿಯೂತ ಇರಬಹುದು.

ಇದರಲ್ಲಿ ಮುಖ್ಯವಾಗಿ ಎರಡು ಬಗೆ. ದೊಡ್ಡ ಕರುಳಿನ ಒಳಪದರ ಹುಣ್ಣಾಗುವುದು ಅಲ್ಸರೇಟಿವ್ ಕೊಲೈಟಿಸ್. ಬಾಯಿಯಿಂದ ಗುದದವರೆಗೆ ಎಲ್ಲಿಯಾದರೂ ಬಂದು, ಕೆಲವರಲ್ಲಿ ಕರುಳಿನ ದಾರಿಯನ್ನೇ ಕಿರಿದು ಮಾಡುವುದು ಕ್ರೋನ್ ಕಾಯಿಲೆ. ನ್ಯೂಯಾರ್ಕಿನ ಡಾ. ಕ್ರೋನ್ ಮತ್ತು ಅವರ ಇಬ್ಬರು ಸಹೋದ್ಯೋಗಿಗಳು 1932ರಲ್ಲಿ ಇದನ್ನು ವಿವರಿಸಿದರು. ಎರಡೂ ಅಂಟುರೋಗಗಳಲ್ಲ. ದೇಹವನ್ನು ಕಾಯಬೇಕಾದ ರಕ್ಷಣಾಶಕ್ತಿಯೇ ಕರುಳಿನ ಮೇಲೆ ತಿರುಗಿ ಬೀಳುವುದರಿಂದ ಈ ಉರಿಯೂತ.

ಇದು ಪಟ್ಟಣದವರ ರೋಗವೆಂದು ತಿಳಿಯಬೇಡಿ. ಹೈದರಾಬಾದಿನ ಏಶಿಯನ್ ಇನ್‌ಸ್ಟಿಟ್ಯೂಟ್ ಆಫ್ ಗ್ಯಾಸ್ಟ್ರೋಎಂಟರಾಲಜಿಯ ವೈದ್ಯರು ತೆಲಂಗಾಣದ ಹಳ್ಳಿಗಳಿಗೆ ಎಂಡೋಸ್ಕೋಪಿ ವಾಹನ ಒಯ್ದು ಪರೀಕ್ಷಿಸಿದರು. ಕರುಳಿನ ತೊಂದರೆ ಇದ್ದವರಲ್ಲಿ, ಹಳ್ಳಿಯಲ್ಲೂ ಪಟ್ಟಣದಲ್ಲೂ ನೂರಕ್ಕೆ ಸುಮಾರು 5 ಮಂದಿಗೆ ಈ ರೋಗವಿತ್ತೆಂದು 2023ರಲ್ಲಿ ಪ್ರಕಟಿಸಿದರು.

ಇನ್ನು ಊಟದ ವಿಷಯ. ರೋಗ ಕೆರಳಿದಾಗ ಮೆತ್ತಗೆ ಬೆಂದ ಅನ್ನ, ಹೆಸರುಬೇಳೆ ಕಟ್ಟು, ರವೆ ಗಂಜಿ, ಸಿಪ್ಪೆ ಬೀಜ ತೆಗೆದು ಬೇಯಿಸಿದ ಸೋರೆಕಾಯಿ, ಬಾಳೆಹಣ್ಣು, ಬೇಯಿಸಿದ ಮೊಟ್ಟೆ ಒಗ್ಗುತ್ತವೆ. ದಿನಕ್ಕೆ 5-6 ಸಲ ಸ್ವಲ್ಪ ಸ್ವಲ್ಪ ಉಣ್ಣಬೇಕು, ನೀರು ಚೆನ್ನಾಗಿ ಕುಡಿಯಬೇಕು. ಸಜ್ಜೆ ರೊಟ್ಟಿ, ಹಸಿ ಈರುಳ್ಳಿ, ಹುರಿದ ಶೇಂಗಾ, ಮಿರ್ಚಿ ಬಜ್ಜಿ ಆಗ ಬೇಡ. ಹಾಲು ಒಗ್ಗದವರಿಗೂ ಎಷ್ಟೋ ಸಲ ಮೊಸರು ಒಗ್ಗುತ್ತದೆ.

ಆದರೆ ರೋಗ ತಣ್ಣಗಾದ ಮೇಲೂ ಪಥ್ಯವನ್ನು ವರ್ಷಗಟ್ಟಲೆ ಎಳೆಯುವುದು ಅಪಾಯ. ಮೊದಲೇ ರಕ್ತ ಹೋಗಿ ಸೊರಗಿದವರಿಗೆ ಬರೀ ಮಜ್ಜಿಗೆ ಅನ್ನ ಹಾಕಿದರೆ ರಕ್ತಹೀನತೆ ಹೆಚ್ಚುತ್ತದೆ, ಮಕ್ಕಳ ಬೆಳವಣಿಗೆ ಕುಂಠಿತವಾಗುತ್ತದೆ. ಜೋಳದ ರೊಟ್ಟಿ, ಬೇಳೆ, ಸೊಪ್ಪು, ಹಣ್ಣು ಒಂದೊಂದಾಗಿ ತಟ್ಟೆಗೆ ಮರಳಬೇಕು. ಕರುಳು ಕಿರಿದಾದವರು ಮಾತ್ರ ನಾರಿನ ಪದಾರ್ಥಗಳನ್ನು ವೈದ್ಯರನ್ನು ಕೇಳಿಯೇ ತಿನ್ನಬೇಕು.

ನಾನು ವೈದ್ಯನಲ್ಲ, ಬ್ಯಾಂಕಿನಲ್ಲಿ ಲೆಕ್ಕ ಬರೆದವನು. ಆದ್ದರಿಂದ ಒಂದು ಸಲಹೆ: ಒಂದು ನೋಟ್‌ಬುಕ್ಕಿನಲ್ಲಿ ಎಡಗಡೆ ತಿಂದದ್ದು, ಬಲಗಡೆ ಹೊಟ್ಟೆಯ ಸ್ಥಿತಿ ಬರೆಯಿರಿ. ಒಬ್ಬರಿಗೆ ಆಗದ್ದು ಇನ್ನೊಬ್ಬರಿಗೆ ಆಗಬಹುದು. ನಿಮಗೆ ಯಾವುದು ಆಗದೆಂದು ಆ ಪುಟಗಳಲ್ಲೇ ತಿಳಿಯುತ್ತದೆ.

ಕ್ರೋನ್ ಕಾಯಿಲೆಯ ಮಕ್ಕಳಿಗೆ ವೈದ್ಯರು 6ರಿಂದ 8 ವಾರ ವಿಶೇಷ ದ್ರವ ಆಹಾರವನ್ನೇ ಕೊಟ್ಟು ಉರಿಯೂತ ತಗ್ಗಿಸುವುದುಂಟು. ಅದು ಅವರ ಮೇಲ್ವಿಚಾರಣೆಯಲ್ಲೇ ಆಗಬೇಕು. ಉಳಿದಂತೆ ಪಥ್ಯವು ಔಷಧಿಗೆ ಜೊತೆಗಾರ, ಬದಲಿ ಅಲ್ಲ. ಗುಣವಾಯಿತೆಂದು ಮಾತ್ರೆ ನಿಲ್ಲಿಸಿದರೆ ರೋಗ ಮರಳಿ ಕೆರಳಬಹುದು. ಬೀಡಿ, ಸಿಗರೇಟು ಕ್ರೋನ್ ಕಾಯಿಲೆಯನ್ನು ಉಲ್ಬಣಗೊಳಿಸುತ್ತವೆ.

ಕೊನೆಯದಾಗಿ, ನಮ್ಮ ದೇಶದಲ್ಲಿ ಕರುಳಿನ ಕ್ಷಯವೂ ಕ್ರೋನ್‌ನಂತೆಯೇ ಕಾಣುತ್ತದೆ. ಎರಡಕ್ಕೂ ಚಿಕಿತ್ಸೆ ಬೇರೆ. ಆದ್ದರಿಂದ ಮಲದಲ್ಲಿ ರಕ್ತ ಕಂಡರೆ, ತೂಕ ಇಳಿದರೆ, ಭೇದಿ 4 ವಾರ ದಾಟಿದರೆ, ಊಹೆಯಲ್ಲಿ ಕಾಲ ಕಳೆಯದೆ ಕರ್ನೂಲಿನ ಸರ್ಕಾರಿ ಜನರಲ್ ಆಸ್ಪತ್ರೆಯಂಥ ದೊಡ್ಡ ಆಸ್ಪತ್ರೆಗೆ ಹೋಗಿ. ಪರೀಕ್ಷೆ ಮೊದಲು, ಪಥ್ಯ ಆಮೇಲೆ.