ಉಪ್ಪುಗಾಳಿಗೆ ಒಡ್ಡಿಕೊಂಡ ತಗಡಿನ ಮಾಡು

ಕರಾವಳಿಯ ಮನೆಗೆ ಲೋಹದ ಹೊದಿಕೆ ಆರಿಸುವುದು, ಕೂರಿಸುವುದು, ಕಾಪಾಡುವುದು

ತಲಪಾಡಿಯಿಂದ ಕಾರವಾರದವರೆಗೆ ಹೆದ್ದಾರಿ 66ರಲ್ಲಿ ಸಾಗುವವರಿಗೆ ತೆಂಗಿನ ಮರಗಳಷ್ಟೇ ಧಾರಾಳವಾಗಿ ಕಾಣಸಿಗುವುದು ನೀಲಿ, ಕೆಂಪು, ಹಸಿರು ಬಣ್ಣದ ತಗಡಿನ ಮಾಡುಗಳು. ತಾರಸಿಯ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ, ಟ್ರಸ್ ಕಟ್ಟಿ, ಶೀಟು ಹೊದಿಸುವುದು ಇಲ್ಲಿ ಮನೆ ಕಟ್ಟುವ ಕೆಲಸದ್ದೇ ಒಂದು ಹಂತವಾಗಿಬಿಟ್ಟಿದೆ. ಇದಕ್ಕೆ ಕಾರಣ ಮಳೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನ ಆಸುಪಾಸು ಸುರಿಯುವ ಮಳೆಯಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಬಂದು ಮುಗಿಯುತ್ತದೆ. ಬಯಲುಸೀಮೆಯ ಚಪ್ಪಟೆ ತಾರಸಿಯನ್ನು ಈ ಮಳೆಯ ಕೆಳಗೆ ತಂದಿಟ್ಟರೆ ಅದು ಸೋರುತ್ತದೆ, ಗೋಡೆಗೆ ಪಸೆ ಇಳಿಯುತ್ತದೆ. ಇಳಿಜಾರಾದ ಮಾಡೊಂದು ಮೇಲೆ ಬಂದರೆ ಆ ಚಿಂತೆ ತೀರುತ್ತದೆ. ಜೊತೆಗೆ ಬಟ್ಟೆ ಒಣಗಿಸಲು, ಅಡಿಕೆ ಮೂಟೆ ಇಡಲು, ಮದುವೆಯ ಹಿಂದಿನ ದಿನ ತರಕಾರಿ ಹೆಚ್ಚಲು ಒಂದು ಜಾಗವೂ ಸಿಗುತ್ತದೆ.

ಆದರೆ ಒಂದೇ ಅಂಗಡಿಯ ಶೀಟು ಒಂದು ಮನೆಯಲ್ಲಿ ದಶಕಗಳ ಕಾಲ ಗಟ್ಟಿಯಾಗಿ ನಿಂತರೆ, ಇನ್ನೊಂದು ಮನೆಯಲ್ಲಿ ಕೆಲವೇ ಮಳೆಗಾಲಗಳಲ್ಲಿ ತುಕ್ಕು ಹಿಡಿದು ಉದುರುತ್ತದೆ. ಹಾಳಾದ ಮಾಡನ್ನು ಹತ್ತಿರದಿಂದ ನೋಡಿದರೆ ಕಾರಣ ತಿಳಿಯುತ್ತದೆ. ತುಕ್ಕು ಶೀಟಿನ ನಡುಮೈಯಿಂದ ಶುರುವಾಗುವುದು ಕಡಿಮೆ. ಸ್ಕ್ರೂವಿನ ಸುತ್ತ, ಕತ್ತರಿಸಿದ ಅಂಚಿನಲ್ಲಿ, ಎರಡು ಶೀಟು ಒಂದರ ಮೇಲೊಂದು ಕೂರುವಲ್ಲಿ, ಸಿಮೆಂಟು ತಾಗುವಲ್ಲಿ ಅದು ಮೊದಲು ಕಾಣಿಸಿಕೊಳ್ಳುತ್ತದೆ. ತಗಡು ಬೇರೊಂದನ್ನು ಮುಟ್ಟುವ ಜಾಗಗಳಲ್ಲೇ ಅದರ ಆಯುಷ್ಯ ತೀರ್ಮಾನವಾಗುತ್ತದೆ. ಆ ಜಾಗಗಳೆಲ್ಲ ಕೂರಿಸುವವರ ಕೈಯಲ್ಲಿವೆ.

ಮುಳಿಯಿಂದ ತಗಡಿಗೆ

ಮುಳಿಹುಲ್ಲು ಮತ್ತು ತೆಂಗಿನ ಮಡಲಿನ ಮಾಡುಗಳ ಕಾಲದಲ್ಲಿ ಮತ್ತೆ ಮತ್ತೆ ಹೊಸ ಹೊದಿಕೆ ಹಾಕಲೇಬೇಕಿತ್ತು. 1860ರ ದಶಕದಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನಲ್ಲಿ ಯಂತ್ರದಲ್ಲಿ ಒತ್ತಿದ ಹಂಚಿನ ತಯಾರಿ ಆರಂಭಿಸಿದ ಮೇಲೆ ಕರಾವಳಿಯ ಚಹರೆ ಬದಲಾಯಿತು. ಮಂಗಳೂರು ಹಂಚು ಹಡಗೇರಿ ದೂರದೇಶಗಳಿಗೂ ಹೋಯಿತು. ಇಂದಿಗೂ ಸೆಕೆಯ ಊರಿಗೆ ಅದರಷ್ಟು ಹಿತವಾದ ಹೊದಿಕೆ ಸಿಗುವುದು ಕಷ್ಟ. ಆದರೆ ಪಕ್ಕಾಸು, ರೀಪಿಗೆ ಬೇಕಾದ ಮರ ದುಬಾರಿಯಾಯಿತು, ಮಂಗಗಳ ಕಾಟ ಹೆಚ್ಚಿತು, ಮಳೆಗೆ ಮುಂಚೆ ಹಂಚು ಕೈಯಾಡಿಸುವವರು ಸಿಗದಾದರು. ಹಾಗಾಗಿ ಜನ ತಗಡಿನತ್ತ ತಿರುಗಿದರು.

ಲೋಹದ ಹೊದಿಕೆ ಈ ನೆಲಕ್ಕೆ ಹೊಸದೇನಲ್ಲ. ಕರಾವಳಿಯ ದೇವಸ್ಥಾನಗಳ ಗರ್ಭಗುಡಿಗೆ ತಾಮ್ರದ ಹೊದಿಕೆ ಹಾಸುವ ಪದ್ಧತಿ ಬಹಳ ಹಳೆಯದು. ತಾಮ್ರದ ಮೇಲೆ ತಾನಾಗಿ ಕಟ್ಟುವ ಪದರವೇ ಅದನ್ನು ಉಪ್ಪುಗಾಳಿಯಿಂದ ಕಾಯುತ್ತದೆ. ಸಾಮಾನ್ಯರ ಮನೆಗೆ ಬಂದ ತಗಡಿನ ಕಥೆ ಬೇರೆ. 1829ರಲ್ಲಿ ಲಂಡನ್ನಿನ ಎಂಜಿನಿಯರ್ ಹೆನ್ರಿ ರಾಬಿನ್ಸನ್ ಪಾಮರ್ ಕಬ್ಬಿಣದ ತಗಡಿಗೆ ಅಲೆಯ ಮಡಿಕೆ ಕೊಡುವ ವಿಧಾನಕ್ಕೆ ಪೇಟೆಂಟ್ ಪಡೆದರು. ತೆಳು ತಗಡು ಬಾಗದೆ ಉದ್ದಕ್ಕೆ ನಿಲ್ಲುವಂತಾದದ್ದು ಆ ಮಡಿಕೆಯಿಂದ. 1837ರಲ್ಲಿ ಫ್ರಾನ್ಸಿನ ಸ್ಟಾನಿಸ್ಲಾಸ್ ಸೊರೆಲ್ ಕಬ್ಬಿಣಕ್ಕೆ ಸತುವಿನ ಲೇಪ ಕೊಡುವ ಕ್ರಮಕ್ಕೆ ಪೇಟೆಂಟ್ ಪಡೆದರು. ಇವೆರಡೂ ಕೂಡಿದ್ದೇ ನಮ್ಮ ಜಿಐ ಶೀಟು. ಸತು ತಾನು ಸವೆದು ಕಬ್ಬಿಣವನ್ನು ಉಳಿಸುತ್ತದೆ. ಸಣ್ಣ ಗೀರು ಬಿದ್ದರೂ ಸುತ್ತಲಿನ ಸತು ಅಲ್ಲಿನ ಕಬ್ಬಿಣವನ್ನು ಕಾಯುತ್ತದೆ.

ಒಣ ತಿಂಗಳುಗಳ ಶತ್ರು

ತಗಡನ್ನು ತಿನ್ನುವುದು ಮಳೆ ಎಂಬ ನಂಬಿಕೆ ಸಾಮಾನ್ಯ. ನಿಜವಾಗಿ ಹೆಚ್ಚಿನ ಹಾನಿ ಮಾಡುವುದು ಉಪ್ಪು. ತೆರೆಗಳು ಒಡೆದಾಗ ಏಳುವ ಸಣ್ಣ ಹನಿಗಳನ್ನು ಕಡಲಗಾಳಿ ಒಳನಾಡಿಗೆ ಹೊತ್ತು ತರುತ್ತದೆ. ಅಡುಗೆಯ ಉಪ್ಪು ಗಾಳಿಯಲ್ಲಿ ಶೇ 75ರಷ್ಟು ತೇವವಿದ್ದರೆ ನೀರು ಹೀರಿ ಕರಗುತ್ತದೆ. ಸಮುದ್ರದ ಉಪ್ಪಿನಲ್ಲೇ ಇರುವ ಮೆಗ್ನೀಷಿಯಂ ಕ್ಲೋರೈಡಿಗೆ ಶೇ 33ರಷ್ಟು ತೇವವೇ ಸಾಕು. ಹೀಗಾಗಿ ಉಪ್ಪು ಕೂತ ತಗಡು ಜನವರಿಯ ಬಿರುಬಿಸಿಲಿನ ದಿನಗಳಲ್ಲೂ ರಾತ್ರಿಯಿಡೀ ಒದ್ದೆಯಾಗಿರುತ್ತದೆ.

ಮಳೆ ಮಾಡಿನ ಮೇಲ್ಮೈಯನ್ನು ತೊಳೆದು ಉಪಕಾರವನ್ನೇ ಮಾಡುತ್ತದೆ. ಮಳೆನೀರು ತಲುಪದ ಸೂರಿನ ಅಡಿಭಾಗ, ಶೀಟಿನ ಕೆಳಮೈ, ಕಸ ಕಟ್ಟುವ ದಂಬೆ, ಇಲ್ಲೆಲ್ಲ ಉಪ್ಪು ವರ್ಷದಿಂದ ವರ್ಷಕ್ಕೆ ಜಮೆಯಾಗುತ್ತದೆ. ಬಣ್ಣದ ಶೀಟಿನಲ್ಲಿ ಮೇಲ್ಮೈಗಿಂತ ಕೆಳಮೈಯ ಬಣ್ಣ ತೆಳುವಾಗಿರುವುದು ವಾಡಿಕೆ. ಹೀಗೆ ಹೆಚ್ಚು ಉಪ್ಪು ಕೂರುವ ಕಡೆಯೇ ರಕ್ಷಣೆ ಕಡಿಮೆ. ತೆರೆಯಿಂದ ಕೆಲವು ನೂರು ಮೀಟರ್ ಒಳಗೆ ಬಂದರೆ ಉಪ್ಪಿನ ಪ್ರಮಾಣ ತೀವ್ರವಾಗಿ ಇಳಿಯುತ್ತದೆ. ಅಳಿವೆ ಬಾಗಿಲು ಮತ್ತು ಬಯಲು ಗದ್ದೆಗಳ ಕಡೆ ಮಾತ್ರ ಅದು ಇನ್ನೂ ದೂರ ಹೋಗುತ್ತದೆ. ಮಲ್ಪೆಯ ಕಡಲದಂಡೆಯ ಮನೆಗೆ ಬೇಕಾದ ತಗಡು ಕಾರ್ಕಳದ ಮನೆಗೆ ಬೇಕಿಲ್ಲ. ಆದ್ದರಿಂದ ಅಂಗಡಿಗೆ ಹೋಗುವ ಮೊದಲು ಮನೆಯಿಂದ ತೆರೆಗೆ ಎಷ್ಟು ದೂರ, ನಡುವೆ ಮರ ಮತ್ತು ಗುಡ್ಡದ ತಡೆ ಇದೆಯೇ ಎಂದು ನೋಡಿಕೊಳ್ಳಬೇಕು.

ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆಗಳು

ಇಂದು ಹೆಚ್ಚು ಬಳಕೆಯಲ್ಲಿರುವುದು ಗಾಲ್ವಾಲ್ಯೂಮ್. ಶೇ 55 ಅಲ್ಯೂಮಿನಿಯಂ, ಶೇ 43.4 ಸತು, ಶೇ 1.6 ಸಿಲಿಕಾನ್ ಬೆರೆತ ಈ ಲೇಪವನ್ನು ಅಮೆರಿಕದ ಬೆತ್ಲೆಹೆಮ್ ಸ್ಟೀಲ್ 1972ರಲ್ಲಿ ಮಾರುಕಟ್ಟೆಗೆ ತಂದಿತು. ಬರಿ ಸತುವಿಗಿಂತ ಇದು ನಿಧಾನವಾಗಿ ಸವೆಯುತ್ತದೆ. ಕತ್ತರಿಸಿದ ಅಂಚನ್ನು ಕಾಯುವುದರಲ್ಲಿ ಮಾತ್ರ ಸತುವೇ ಮೇಲು. ಹಾಗಾಗಿ ಗಾಲ್ವಾಲ್ಯೂಮ್ ಕೊಳ್ಳುವವರು ಅಂಚುಗಳ ಬಗ್ಗೆ ಹೆಚ್ಚಿನ ಎಚ್ಚರ ವಹಿಸಬೇಕು.

ಲೇಪದ ತೂಕವನ್ನು ಗಾಲ್ವಾಲ್ಯೂಮಿಗೆ ಎಝಡ್ 150, ಸತುವಿಗೆ ಝಡ್ 275 ಎಂಬಂತೆ ಬರೆದಿರುತ್ತಾರೆ. ಎರಡೂ ಬದಿ ಸೇರಿ ಚದರ ಮೀಟರಿಗೆ 150 ಗ್ರಾಂ ಅಥವಾ 275 ಗ್ರಾಂ ಲೇಪ ಎಂಬುದು ಇದರ ಅರ್ಥ. ಗಾಲ್ವಾಲ್ಯೂಮ್ ಲೇಪ ಹಗುರವಾದ್ದರಿಂದ ಎರಡರ ದಪ್ಪವೂ ಬದಿಗೆ 20 ಮೈಕ್ರಾನಿನ ಆಸುಪಾಸೇ ಬರುತ್ತದೆ. ಅಗ್ಗದ ಶೀಟಿನಲ್ಲಿ ಈ ಸಂಖ್ಯೆ ಅರ್ಧಕ್ಕೂ ಇಳಿದಿರಬಹುದು, ಮೇಲಿನ ಬಣ್ಣ ಮಾತ್ರ ಅಷ್ಟೇ ಹೊಳೆಯುತ್ತಿರುತ್ತದೆ. ದಪ್ಪದ ಲೆಕ್ಕದಲ್ಲೂ ಕಣ್ಣು ತಪ್ಪುವುದುಂಟು: 0.5 ಮಿಲಿಮೀಟರ್ ಎಂದರೆ ಉಕ್ಕಿನ ದಪ್ಪವೋ, ಲೇಪ ಮತ್ತು ಬಣ್ಣ ಸೇರಿದ ದಪ್ಪವೋ ಎಂದು ಕೇಳಿ ತಿಳಿಯಬೇಕು. ಸತು ಲೇಪದ ಶೀಟಿಗೆ ಐಎಸ್ 277, ಅಲ್ಯೂಮಿನಿಯಂ-ಸತು ಲೇಪಕ್ಕೆ ಐಎಸ್ 15961, ಅದರ ಮೇಲೆ ಬಣ್ಣ ಬಂದದ್ದಕ್ಕೆ ಐಎಸ್ 15965 ಎಂಬ ಭಾರತೀಯ ಮಾನಕಗಳಿವೆ. ಬಿಲ್ಲಿನಲ್ಲಿ ಇವು ನಮೂದಾಗುವಂತೆ ನೋಡಿಕೊಳ್ಳುವುದು ಕೊಳ್ಳುವವರ ಹಕ್ಕು.

ತೆರೆಯ ಸದ್ದು ಕೇಳುವಷ್ಟು ಹತ್ತಿರದ ಮನೆಗೆ ಅಲ್ಯೂಮಿನಿಯಂ ಶೀಟು ಒಳ್ಳೆಯ ಆಯ್ಕೆ. ಬೆಲೆ ಹೆಚ್ಚು, ತೆಂಗಿನಕಾಯಿ ಬಿದ್ದರೆ ಬೇಗ ನಗ್ಗುತ್ತದೆ, ಆದರೆ ಕೆಂಪು ತುಕ್ಕಿನ ಮಾತೇ ಇಲ್ಲ. ಶೀಟನ್ನು ಹೊರುವ ಉಕ್ಕಿನ ಅಡ್ಡಪಟ್ಟಿಗೆ, ಅಂದರೆ ಪರ್ಲಿನ್ನಿಗೆ, ಅದು ನೇರ ತಾಗದಂತೆ ನಡುವೆ ಪಟ್ಟಿ ಕೊಡಬೇಕು. ಗ್ಯಾರಂಟಿ ಕಾರ್ಡನ್ನೂ ಪೂರ್ತಿ ಓದಬೇಕು. ಸಮುದ್ರಕ್ಕೆ ಇಷ್ಟು ಹತ್ತಿರವಿದ್ದರೆ ಅನ್ವಯಿಸದು ಎಂಬ ಸಾಲು ಹಲವು ಕಂಪನಿಗಳ ಕಾಗದದಲ್ಲಿರುತ್ತದೆ.

ಕೂರಿಸುವ ಕೈಯ ಜಾಣ್ಮೆ

ಒಳ್ಳೆಯ ಮೇಸ್ತ್ರಿಯ ಕೆಲಸ ಶೀಟು ಇಳಿಸಿಕೊಳ್ಳುವಲ್ಲೇ ಶುರು. ಒಂದರ ಮೇಲೊಂದು ಪೇರಿಸಿದ ಶೀಟುಗಳ ನಡುವೆ ನೀರು ಸೇರಿದರೆ ಬಿಳಿ ಪುಡಿಯಂಥ ತುಕ್ಕು ಕಟ್ಟುತ್ತದೆ. ಅದಕ್ಕೇ ಅವರು ನೆಲದಿಂದ ಎತ್ತರಿಸಿ, ಓರೆಯಾಗಿ ಇಟ್ಟು ಮುಚ್ಚುತ್ತಾರೆ. ಮಾಡಿನ ಉದ್ದಕ್ಕೆ ಸರಿಯಾಗಿ ಅಳತೆ ಕೊಟ್ಟು ಶೀಟು ತರಿಸಿದರೆ ಕತ್ತರಿಸುವ ಕೆಲಸವೇ ಕಡಿಮೆ. ಕತ್ತರಿಸಲೇಬೇಕಾದಲ್ಲಿ ತಗಡಿನ ಕತ್ತರಿ ಬಳಸಬೇಕು. ಗ್ರೈಂಡರಿನ ಬಿಸಿಗೆ ಅಂಚಿನ ಲೇಪ ಸುಟ್ಟುಹೋಗುತ್ತದೆ; ಅದರಿಂದ ಹಾರಿದ ಕಬ್ಬಿಣದ ಕಿಡಿಗಳು ಬಣ್ಣಕ್ಕೆ ಅಂಟಿ, ಕೆಲವೇ ದಿನಗಳಲ್ಲಿ ಕಂದು ಚುಕ್ಕೆಗಳಾಗುತ್ತವೆ. ರಂಧ್ರ ಕೊರೆದ ಪುಡಿಯನ್ನೂ ಅಂದಂದೇ ಗುಡಿಸಬೇಕು. ಬರಿ ಗಾಲ್ವಾಲ್ಯೂಮಿನ ಮೇಲೆ ಸಾಮಾನ್ಯ ಪೆನ್ಸಿಲಿನಲ್ಲಿ ಗೆರೆ ಎಳೆಯುವುದು ಕೂಡ ತಪ್ಪು. ಪೆನ್ಸಿಲಿನ ಗ್ರಾಫೈಟ್ ಇದ್ದ ಜಾಗದಲ್ಲಿ ಲೇಪ ಸವೆಯತೊಡಗುತ್ತದೆ.

ಸ್ಕ್ರೂಗಳನ್ನು ಮಡಿಕೆಯ ದಿಣ್ಣೆಯ ಮೇಲೆ, ನೆಟ್ಟಗೆ ಬಿಗಿಯಬೇಕು. ತಲೆಯ ಕೆಳಗಿನ ರಬ್ಬರ್ ವಾಷರ್ ಸ್ವಲ್ಪವೇ ಉಬ್ಬುವಷ್ಟು ಬಿಗಿ ಸಾಕು. ಹೆಚ್ಚಾದರೆ ರಬ್ಬರ್ ಸೀಳುತ್ತದೆ, ಕಡಿಮೆಯಾದರೆ ನೀರು ನುಸುಳುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಹಾಕಿದರೆ ತುಕ್ಕೇ ಬಾರದು ಎಂದು ಖರ್ಚು ಮಾಡುವವರಿದ್ದಾರೆ. ಸ್ಕ್ರೂ ಉಳಿಯುತ್ತದೆ ನಿಜ, ಆದರೆ ಉಪ್ಪುನೀರಿನಲ್ಲಿ ಅದು ಪಕ್ಕದ ಸತು-ಅಲ್ಯೂಮಿನಿಯಂ ಲೇಪವನ್ನು ಬೇಗ ಸವೆಸುತ್ತದೆ. ಶೀಟು ಮಾಡಿದವರೇ ಸೂಚಿಸಿದ, ಕರಾವಳಿಗೆಂದೇ ಲೇಪ ಕೊಟ್ಟ ಸ್ಕ್ರೂ ಕ್ಷೇಮ.

ಹೊದಿಸುವ ದಿಕ್ಕಿಗೂ ಅರ್ಥವಿದೆ. ಮುಂಗಾರಿನ ಗಾಳಿ ಬರುವುದು ಪಡುವಣ ಕಡೆಯಿಂದ. ಆದ್ದರಿಂದ ಮೂಡಣ ತುದಿಯಿಂದ ಹೊದಿಸುತ್ತಾ ಪಡುವಣಕ್ಕೆ ಬಂದರೆ ಶೀಟುಗಳ ಜೋಡಣೆಯ ಬಾಯಿ ಗಾಳಿಗೆ ಬೆನ್ನು ಹಾಕಿರುತ್ತದೆ, ಮಳೆ ಒಳನುಗ್ಗುವುದಿಲ್ಲ. ಗೋಡೆಗೆ ಮಾಡು ಸೇರುವಲ್ಲಿ ಸಿಮೆಂಟು ಗಾರೆ ಮೆತ್ತುವ ಅಭ್ಯಾಸವನ್ನು ಬಿಡಲೇಬೇಕು, ಒದ್ದೆ ಸಿಮೆಂಟಿನ ಕ್ಷಾರ ಅಲ್ಯೂಮಿನಿಯಂ ಇರುವ ಲೇಪವನ್ನು ತಿಂದುಹಾಕುತ್ತದೆ. ಅಲ್ಲಿ ಮಡಚಿದ ತಗಡಿನ ಪಟ್ಟಿ ಮತ್ತು ಸೀಲೆಂಟ್ ಸಾಕು. ಹುಳಿ ವಾಸನೆಯ ಸಿಲಿಕೋನ್ ಲೋಹಕ್ಕೆ ಆಗದು. ನ್ಯೂಟ್ರಲ್ ಕ್ಯೂರ್ ಎಂದು ಬರೆದದ್ದನ್ನೇ ಕೇಳಿ ತರಬೇಕು.

ಟ್ರಸ್ಸಿನ ಪೈಪುಗಳು ಒಳಗಿನಿಂದಲೂ ತುಕ್ಕು ಹಿಡಿಯುತ್ತವೆ. ತೆರೆದ ಬಾಯಿಗಳನ್ನೆಲ್ಲ ಮುಚ್ಚಬೇಕು. ವೆಲ್ಡಿಂಗ್ ಮಾಡಿದಲ್ಲಿ ಜಿಐ ಪೈಪಿನ ಸತು ಸುಟ್ಟಿರುತ್ತದೆ, ಅಲ್ಲಿಗೆ ಸತು ತುಂಬಿದ ಪ್ರೈಮರ್ ಬೇಕು. ಬರಿ ರೆಡ್ ಆಕ್ಸೈಡ್ ಕಡಲಗಾಳಿಗೆ ತಾಳುವುದಿಲ್ಲ.

ಗಾಳಿಯ ಲೆಕ್ಕ

ಕಟ್ಟಡಗಳ ಮೇಲಿನ ಗಾಳಿಯ ಒತ್ತಡಕ್ಕೆ ಸಂಬಂಧಿಸಿದ ಐಎಸ್ 875 ಮಾನಕದಲ್ಲಿ ಮಂಗಳೂರಿನ ಮೂಲ ಗಾಳಿವೇಗ ಸೆಕೆಂಡಿಗೆ 39 ಮೀಟರ್, ಅಂದರೆ ಗಂಟೆಗೆ 140 ಕಿಲೋಮೀಟರ್. ಆ ವೇಗದ ಒತ್ತಡ ಚದರ ಮೀಟರಿಗೆ ಸುಮಾರು 90 ಕಿಲೋ ತೂಕದಷ್ಟು. ಶೀಟಿನ ಸ್ವಂತ ತೂಕ ಚದರ ಮೀಟರಿಗೆ ಐದು ಕಿಲೋದಷ್ಟು ಮಾತ್ರ. ಹಂಚಿನ ಮಾಡು ತನ್ನ ಭಾರದಿಂದಲೂ, ಸಂದಿಗಳಲ್ಲಿ ಗಾಳಿ ಬಿಟ್ಟುಕೊಡುವುದರಿಂದಲೂ ನಿಲ್ಲುತ್ತಿತ್ತು. ತಗಡನ್ನು ಹಿಡಿದಿಡುವುದು ಸ್ಕ್ರೂ ಮತ್ತು ಕಂಬದ ಬುಡ ಮಾತ್ರ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯನ್ನು ಸವರಿ ಗುಜರಾತಿಗೆ ಹೋದದ್ದನ್ನು ಯಾರೂ ಮರೆತಿಲ್ಲ.

ಗೋಡೆಯಿಲ್ಲದ ತಾರಸಿ ಮಾಡಿಗೆ ಅಪಾಯ ಹೆಚ್ಚು. ಗಾಳಿ ಕೆಳಗಿನಿಂದ ಎತ್ತುತ್ತದೆ, ಮೇಲಿನಿಂದ ಸೆಳೆಯುತ್ತದೆ. ಸೆಳೆತ ಹೆಚ್ಚಿರುವುದು ಸೂರು, ಮೂಲೆ ಮತ್ತು ನೆತ್ತಿಯಲ್ಲಿ. ಅಲ್ಲಿ ಪ್ರತಿ ದಿಣ್ಣೆಗೂ ಸ್ಕ್ರೂ ಬೇಕು, ಪರ್ಲಿನ್ ಹತ್ತಿರ ಹತ್ತಿರ ಇರಬೇಕು. ಕಂಬದ ಬೋಲ್ಟು ಕೈಪಿಡಿ ಗೋಡೆಗೆ ಬೇಡ, ಕೆಳಗಿನ ಪಿಲ್ಲರ್ ಅಥವಾ ಬೀಮಿನ ಕಾಂಕ್ರೀಟಿಗೇ ಇಳಿಯಬೇಕು.

ಸೆಕೆ, ಸದ್ದು, ನೀರು

ಏಪ್ರಿಲ್ ಸೆಕೆಗೆ ತಿಳಿ ಬಣ್ಣ ಒಳ್ಳೆಯದು, ನೆತ್ತಿಯಲ್ಲಿ ಬಿಸಿಗಾಳಿ ಹೊರಹೋಗಲು ದಾರಿ ಇರಬೇಕು. ವಾಸದ ಕೋಣೆಗೇ ತಗಡು ಹೊದಿಸುವುದಾದರೆ ಫೋಮ್ ಅಂಟಿಸಿದ ಶೀಟು ಅಥವಾ ಪಫ್ ಪ್ಯಾನೆಲ್ ಸೆಕೆಯನ್ನೂ ಮಳೆಯ ಸದ್ದನ್ನೂ ತಗ್ಗಿಸುತ್ತದೆ. ಹಳೆಯ ಮನೆಗಳ ಮರದ ಮುಚ್ಚಿಗೆಯಿಂದಲೂ ಇದೇ ಉಪಕಾರವಿತ್ತು. ನೂರು ಚದರ ಮೀಟರಿನ ಮಾಡಿಗೆ ಗಂಟೆಗೆ ನೂರು ಮಿಲಿಮೀಟರ್ ಮಳೆ ಸುರಿದರೆ ಬೀಳುವುದು ಹತ್ತು ಸಾವಿರ ಲೀಟರ್ ನೀರು. ದಂಬೆ ಮತ್ತು ಪೈಪು ಅದನ್ನು ತಾಳುವಷ್ಟು ಅಗಲವಿರಬೇಕು. ಆ ನೀರನ್ನು ಸೋಸಿ ಬಾವಿಗೆ ಇಂಗಿಸಿದರೆ ಬೇಸಿಗೆಗೆ ನೆರವಾಗುತ್ತದೆ.

ತಾಮ್ರದ ಹನಿ

ಅಡಿಕೆ ಬೆಳೆಗಾರರು ಗಮನಿಸಬೇಕಾದ ಸಂಗತಿ ಒಂದಿದೆ. ಕೊಳೆ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣವನ್ನು ಪರೀಕ್ಷಿಸಲು ಕಬ್ಬಿಣದ ಕತ್ತಿ ಅದ್ದುವ ಕ್ರಮ ಎಲ್ಲರಿಗೂ ಗೊತ್ತು. ಸುಣ್ಣ ಸಾಲದಿದ್ದರೆ ಕತ್ತಿಯ ಮೇಲೆ ತಾಮ್ರದ ಕೆಂಪು ಕೂರುತ್ತದೆ. ತಾಮ್ರದ ಅಂಶ ಸತು, ಅಲ್ಯೂಮಿನಿಯಂಗಳ ಮೇಲೆ ಬಿದ್ದಾಗಲೂ ಹೀಗೇ ಕೂತು ಆ ಲೋಹವನ್ನು ಗುಳಿಬೀಳುವಂತೆ ತಿನ್ನುತ್ತದೆ. ತೋಟಕ್ಕೆ ಅಂಟಿದ ಮನೆಯಾದರೆ ಔಷಧಿ ಹೊಡೆದ ದಿನ ಮಾಡಿಗೆ ನೀರು ಹಾಯಿಸಿ ತೊಳೆಯಬೇಕು. ದೇವಸ್ಥಾನಗಳಲ್ಲಿ ಗರ್ಭಗುಡಿಯ ತಾಮ್ರದ ಸೂರಿನಿಂದ ಇಳಿಯುವ ನೀರು ಪಕ್ಕದ ಶೀಟಿನ ಚಪ್ಪರದ ಮೇಲೆ ಬೀಳದಂತೆಯೂ ನೋಡಿಕೊಳ್ಳಬೇಕು.

ಪತ್ತನಾಜೆಗೆ ಮುಂಚೆ

ಮೇ ಕೊನೆಗೆ ಬರುವ ತುಳುನಾಡಿನ ಆಚರಣೆ ಪತ್ತನಾಜೆ ಹತ್ತಿರವಾದಂತೆ ಫ್ಯಾಬ್ರಿಕೇಶನ್ ಅಂಗಡಿಗಳಲ್ಲಿ ಪುರಸೊತ್ತಿರುವುದಿಲ್ಲ, ಗಡಿಬಿಡಿಯಲ್ಲಿ ಪ್ರೈಮರ್ ಒಣಗಲೂ ಬಿಡುವುದಿಲ್ಲ. ದೀಪಾವಳಿ ಕಳೆದ ಮೇಲೆ ಕೆಲಸ ಹಿಡಿಸಿದರೆ ಅವರಿಗೂ ಸಮಾಧಾನ, ಮಾಡಿಗೂ ಒಳ್ಳೆಯದು. ಮಳೆಗಾಲ ಮುಗಿದ ಮೇಲೆ ಎರಡು ಮೂರು ಸಲ ಸೂರಿನ ಅಡಿಭಾಗಕ್ಕೆ, ಶೀಟಿನ ಕೆಳಮೈಗೆ ಸಿಹಿನೀರು ಹಾಯಿಸಬೇಕು. ವರ್ಷಕ್ಕೊಮ್ಮೆ ಸ್ಕ್ರೂ ನೋಡಿ, ತರಗೆಲೆ ತೆಗೆದು, ಒಣ ಮಡಲು ಇಳಿಸಿದರೆ ಆರೈಕೆ ಮುಗಿಯಿತು.

ಚದರಡಿಗೆ ಇಷ್ಟು ಎಂದು ಚೌಕಾಸಿಗೆ ಇಳಿಯುವ ಮೊದಲು, ಬೆಲೆ ಇಳಿದಾಗ ಮೊದಲು ಮಾಯವಾಗುವುದು ಯಾವುದು ಎಂದು ಯೋಚಿಸಬೇಕು. ಒಳ್ಳೆಯ ಸ್ಕ್ರೂ, ಸತುವಿನ ಪ್ರೈಮರ್, ಅಂಚಿಗೆ ಕೊಡುವ ಅರ್ಧ ದಿನದ ಕೆಲಸ ಹೋಗುತ್ತವೆ. ಅವುಗಳ ಜೊತೆಗೇ ಹೋಗುವುದು ಮೇಲೆ ಹತ್ತುವವರ ಸೊಂಟದ ಸುರಕ್ಷಾ ಬೆಲ್ಟು. ಜಾರುವ ತಗಡಿನ ಮೇಲೆ ನಿಂತು ನಮ್ಮ ಮನೆ ಕಾಯುವವರ ಜೀವಕ್ಕೆ ಬೇಕಾದ ಹಗ್ಗ, ಬೆಲ್ಟಿನ ಖರ್ಚನ್ನು ನಾವೇ ಕೇಳಿ ಎಸ್ಟಿಮೇಟಿನ ಮೊದಲ ಸಾಲಿನಲ್ಲಿ ಬರೆಸಬೇಕು. ಅಷ್ಟು ಎಚ್ಚರವಿರುವ ಮನೆಯಲ್ಲಿ ಉಳಿದ ಸಾಲುಗಳೂ ತಪ್ಪುವುದಿಲ್ಲ.