ಗಂಟುಮೂಟೆಯ ವಿದ್ಯೆ

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂಬುದು ನಮ್ಮ ಹಿರಿಯರ ಅನುಭವದ ಮಾತು. ಸ್ವಂತ ಮನೆ ಕಟ್ಟುವ ಭಾಗ್ಯವಿಲ್ಲದವರು ಇದಕ್ಕೆ “ಮನೆ ಬದಲಿಸಿ ನೋಡು” ಎಂಬ ಮೂರನೆಯ ಮಾತೊಂದನ್ನು ಸೇರಿಸಿಕೊಳ್ಳಬಹುದು. ಬಾಡಿಗೆಯ ಮನೆಗಳಿಗೆ ಹನ್ನೊಂದು ತಿಂಗಳ ಕರಾರು ಬರೆಯುವ ರೂಢಿಯಿದೆಯಷ್ಟೆ. ಒಂದು ವರ್ಷಕ್ಕೆ ಮೀರಿದ ಗುತ್ತಿಗೆಯನ್ನು ನೋಂದಣಿ ಮಾಡಿಸಲೇಬೇಕೆಂದು 1908ರ ನೋಂದಣಿ ಕಾಯಿದೆಯು ವಿಧಿಸಿರುವುದೇ ಈ ರೂಢಿಗೆ ಕಾರಣ. ಕರಾರು ಮುಗಿದಾಗ ಯಜಮಾನರು ಬಿಡಿರೆಂದರೆ ಬಿಡಬೇಕು. ಬಂದರಿನ ಓಣಿಗಳಲ್ಲಿ ಬೆಳೆದ ನಾನು ಈ ಇಪ್ಪತ್ತು ವರ್ಷಗಳಲ್ಲಿ ಮೂರು ಮನೆಗಳನ್ನು ಕಂಡಿದ್ದೇನೆ.

ಸಾಮಾನು ಕಟ್ಟುವುದೂ ಒಂದು ವಿದ್ಯೆಯೇ, ಅದಕ್ಕೊಂದು ಲೇಖನವೇ ಎಂದು ನಮ್ಮ ಉಪನ್ಯಾಸಕರೂ ಸಹಪಾಠಿ ಮಿತ್ರರೂ ನಗಬಹುದು. “ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ” ಎಂಬ ಗಾದೆಯನ್ನು ಅವರು ಒಮ್ಮೆ ನೆನೆಯಲಿ. ಉಳ್ಳವರ ಮನೆಯಲ್ಲಿ ಒಡೆದುದರ ಜಾಗಕ್ಕೆ ಹೊಸತು ಬರುತ್ತದೆ. ಇಲ್ಲದವರ ಮನೆಯಲ್ಲಿ ಆ ಜಾಗ ಬಹುಕಾಲ ಬರಿದಾಗಿಯೇ ಇರುತ್ತದೆ. ಆದುದರಿಂದ ಸಾಮಾನು ಕಟ್ಟುವ ವಿದ್ಯೆಯು ಬಡವನಿಗೇ ಹೆಚ್ಚು ಬೇಕಾದುದು.

ಈ ವಿದ್ಯೆಯನ್ನು ಕಲಿಯಲು ನಮ್ಮ ಬಂದರಿಗಿಂತ ಒಳ್ಳೆಯ ಪಾಠಶಾಲೆ ಬೇರೊಂದಿಲ್ಲ. ನೇತ್ರಾವತಿಯೂ ಗುರುಪುರ ಹೊಳೆಯೂ ಕೂಡಿ ಕಡಲನ್ನು ಸೇರುವ ಎಡೆಯಲ್ಲಿ ಈ ಹಳೆಯ ಬಂದರಿದೆ. ಪಣಂಬೂರಿನ ಹೊಸ ಬಂದರು 1974ರಲ್ಲಿ ದೇಶದ ಒಂಬತ್ತನೆಯ ಪ್ರಮುಖ ಬಂದರೆಂದು ಘೋಷಿತವಾದ ಮೇಲೆ ದೊಡ್ಡ ಹಡಗುಗಳು ಅತ್ತ ಸರಿದವು. ಆದರೂ ಲಕ್ಷದ್ವೀಪಕ್ಕೆ ಅಕ್ಕಿ, ತರಕಾರಿ, ಮನೆ ಕಟ್ಟುವ ಸಾಮಗ್ರಿ ಮುಂತಾದುವನ್ನು ಒಯ್ಯುವ ಮಂಜಿಗಳು, ಅಂದರೆ ಸರಕಿನ ನಾವೆಗಳು, ಹಳೆಯ ಧಕ್ಕೆಯಿಂದಲೇ ಹೊರಡುತ್ತವೆ. ನನ್ನ ತಂದೆಯವರು ಅಲ್ಲಿ ಸರಕು ಹೊರುವವರು. ಅವರು ನಾಲ್ಕನೆಯ ತರಗತಿಯ ಆಚೆಗೆ ಓದಿದವರಲ್ಲ. ಆದರೆ ಒಂದು ಮೂಟೆಯನ್ನು ಮುಟ್ಟಿ ನೋಡಿ, ಇದು ದಾರಿಯಲ್ಲಿ ಬಿಚ್ಚುತ್ತದೆಯೋ ಇಲ್ಲವೋ ಎಂದು ಹೇಳಬಲ್ಲರು. ಸರಕಿಗೆ ಶತ್ರುಗಳು ಮೂರು ಎಂಬುದು ಅವರ ಮತ: ಅಲುಗಾಟ, ಭಾರ ಮತ್ತು ತೇವ.

ಮೊದಲನೆಯದಾಗಿ ಅಲುಗಾಟವನ್ನು ನೋಡೋಣ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಸ್ಥಾಪಿಸಿದರು. ಮುಂದೆ ನಮ್ಮ ಊರಿನ ಹೆಂಚು ಕಡಲು ದಾಟಿ ಹೆಸರಾಯಿತು. ಸುಟ್ಟ ಮಣ್ಣಿನ ವಸ್ತುವು ಅಷ್ಟು ದೂರ ಒಡೆಯದೆ ಹೋಗಬೇಕಾದರೆ ಅದನ್ನು ಮಲಗಿಸಿ ಪೇರಿಸಬಾರದು. ಅಂಚಿನ ಮೇಲೆ ನಿಲ್ಲಿಸಿ, ಒಂದಕ್ಕೊಂದು ಒತ್ತಿಟ್ಟು, ಸಂದಿಗೆ ಬೈಹುಲ್ಲು ತುರುಕಬೇಕು. ಮಲಗಿದ ಹೆಂಚಿಗೆ ಮೇಲಿನ ಭಾರವೆಲ್ಲ ನಡುಭಾಗಕ್ಕೆ ಬೀಳುತ್ತದೆ; ನಿಂತ ಹೆಂಚು ತನ್ನ ಪೂರ್ತಿ ಅಗಲದಿಂದ ಭಾರವನ್ನು ತಾಳುತ್ತದೆ. ಪಿಂಗಾಣಿಯ ತಟ್ಟೆ, ಕನ್ನಡಿ, ಗಾಜು ಹಾಕಿದ ಪಟ ಇವುಗಳಿಗೂ ಇದೇ ನಿಯಮ. ಲೋಟಗಳ ಹೊಟ್ಟೆಗೆ ಹಳೆಯ ವೃತ್ತಪತ್ರಿಕೆಯನ್ನು ತುಂಬಿ, ಹೊರಗೂ ಸುತ್ತಿ, ಬಾಯಿ ಕೆಳಗಾಗಿ ಇಡಬೇಕು. ಸಂದಿ ತುಂಬಲು ಹಣ ಕೊಟ್ಟು ಏನನ್ನೂ ತರಬೇಕಾಗಿಲ್ಲ. ಸೀರೆ, ಹೊದಿಕೆ, ಹಳೆಯ ಪಂಚೆಗಳು ಹೇಗೂ ಹೋಗಲೇಬೇಕಲ್ಲ! ಕಟ್ಟಿದ ಮೇಲೆ ಪೆಟ್ಟಿಗೆಯನ್ನು ಮೆಲ್ಲನೆ ಅಲುಗಿಸಬೇಕು. “ಪೆಟ್ಟಿಗೆ ಮಾತಾಡಿದರೆ ಬಿಚ್ಚಿ ಕಟ್ಟು” ಎನ್ನುತ್ತಾರೆ ನನ್ನ ತಂದೆಯವರು.

ಎರಡನೆಯದು ಭಾರ. ಒಬ್ಬ ವಯಸ್ಕ ಕೆಲಸಗಾರನು ಹೊರಬಹುದಾದ ಭಾರವು 55 ಕಿಲೋಗ್ರಾಮಿಗೆ ಮೀರಬಾರದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು 1967ರಲ್ಲಿ ಶಿಫಾರಸು ಮಾಡಿತು. ಇಪ್ಪತ್ತು ವರ್ಷ ಮೂಟೆ ಹೊತ್ತವರ ಸೊಂಟವನ್ನು ರಾತ್ರಿ ಎಣ್ಣೆ ಹಚ್ಚಿ ನೀವಿದವರಿಗೆ ಈ ಅಂಕಿಯ ಅರ್ಥ ಬೇಗ ತಿಳಿಯುತ್ತದೆ. ಮನೆ ಸಾಮಾನಿನ ಪೆಟ್ಟಿಗೆ ಇದರ ಮೂರನೆಯ ಒಂದಂಶಕ್ಕೆ ಮೀರದಿದ್ದರೆ ಲೇಸು. ಭಾರವಾದುದು ಸಣ್ಣ ಪೆಟ್ಟಿಗೆಗೆ, ಹಗುರವಾದುದು ದೊಡ್ಡ ಪೆಟ್ಟಿಗೆಗೆ ಎಂಬುದು ಸೂತ್ರ. ನಾನು ಕಾಲೇಜು ಸೇರಿದ ಬಳಿಕ ನಮ್ಮ ಮನೆಗೆ ಹೊಸತಾಗಿ ಬಂದ ಸರಕೆಂದರೆ ಪುಸ್ತಕ. ಪುಸ್ತಕವು ಕಾಣಲು ಸಾಧು, ಹೊರಲು ಕಲ್ಲು. ಅದನ್ನು ದೊಡ್ಡ ಪೆಟ್ಟಿಗೆಗೆ ತುಂಬಿದರೆ ಒಂದೋ ತಳ ಹರಿಯುತ್ತದೆ, ಇಲ್ಲವೇ ಹೊತ್ತವನ ಬೆನ್ನು ಹಿಡಿಯುತ್ತದೆ.

ಲಾರಿಗೆ ಹೇರುವಾಗಲೂ ಭಾರದ ವಿಚಾರವೇ ಮುಖ್ಯ. ಅರೆಯುವ ಕಲ್ಲು, ಕಪಾಟು, ಪುಸ್ತಕದ ಪೆಟ್ಟಿಗೆ ಇವು ತಳದಲ್ಲಿ, ಚಾಲಕನ ಕಡೆಗೆ ಒತ್ತಾಗಿ ಕೂಡಬೇಕು; ಅದರ ಮೇಲೆ ಪಾತ್ರೆ, ಎಲ್ಲಕ್ಕಿಂತ ಮೇಲೆ ಹಾಸಿಗೆ. ಶೀತಕಪೆಟ್ಟಿಗೆಯನ್ನು ನಿಲ್ಲಿಸಿಯೇ ಒಯ್ಯಬೇಕು; ಮಲಗಿಸಬೇಕಾಗಿ ಬಂದರೆ, ಯಂತ್ರದ ಎಣ್ಣೆಯು ಸ್ವಸ್ಥಾನಕ್ಕೆ ಇಳಿಯುವಂತೆ ಹಲವು ಗಂಟೆ ನಿಲ್ಲಿಸಿಟ್ಟ ಮೇಲೆಯೇ ವಿದ್ಯುತ್ತನ್ನು ಹಾಯಿಸಬೇಕು. ಅಡಿಗೆ ಅನಿಲದ ಸಿಲಿಂಡರಿನ ರೆಗ್ಯುಲೇಟರನ್ನು ಕಳಚಿ, ಮುಚ್ಚಳ ಹಾಕಿ, ನೆಟ್ಟಗೆ ನಿಲ್ಲಿಸಬೇಕು. ಉಪ್ಪಿನಕಾಯಿಯ ಭರಣಿಯನ್ನು ಮಾತ್ರ ಯಾವ ಲಾರಿಗೂ ಒಪ್ಪಿಸಬಾರದು. ಬಾಯಿಗೆ ಬಟ್ಟೆ ಬಿಗಿದು ಅಮ್ಮನ ಮಡಿಲಲ್ಲಿಯೇ ಕಳುಹಿಸಬೇಕು.

ಮೂರನೆಯ ಶತ್ರು ತೇವ. ವರ್ಷಕ್ಕೆ 3,500 ಮಿಲಿಮೀಟರಿನಷ್ಟು ಮಳೆ ಸುರಿಯುವ ಈ ಊರಿನಲ್ಲಿ ತೇವವೇ ಮೂವರಲ್ಲಿ ಪ್ರಬಲ. ನೆನೆದ ರಟ್ಟಿನ ಪೆಟ್ಟಿಗೆಯು ಪೆಟ್ಟಿಗೆಯೇ ಅಲ್ಲ. ಈ ಶತ್ರುವಿಗೆ ತುಳುನಾಡಿನ ರೈತನು ಕಂಡುಕೊಂಡ ಉತ್ತರವೇ ಅಕ್ಕಿಮುಡಿ. ಬೈಹುಲ್ಲನ್ನು ವೃತ್ತಾಕಾರವಾಗಿ ಹರಡಿ, ನಡುವೆ ಮೂರು ಕಳಸೆ, ಅಂದರೆ 42 ಸೇರು ಅಕ್ಕಿಯನ್ನು ಸುರಿದು, ಹುಲ್ಲನ್ನು ಮೇಲಕ್ಕೆತ್ತಿ, ಹುಲ್ಲಿನದೇ ಹಗ್ಗದಿಂದ ಬಿಗಿದು ಸುತ್ತುತ್ತ, ಬಡಿದು ಬಡಿದು ಚೆಂಡಿನಂತೆ ಗುಂಡಗೆ ಮಾಡುತ್ತಾರೆ. ಒಳಗೆ ಅಕ್ಕಿಯು ಅಲುಗಲು ಎಡೆಯಿಲ್ಲ. ದಪ್ಪ ಹುಲ್ಲಿನ ಹೊದಿಕೆಯು ತೇವವನ್ನೂ ಹುಳುವನ್ನೂ ದೂರವಿಡುತ್ತದೆ. ಅಲುಗಾಟ, ಭಾರ, ತೇವ ಮೂರಕ್ಕೂ ಒಂದೇ ಕಟ್ಟಿನಲ್ಲಿ ಉತ್ತರವಿರುವುದು ಎಂಥ ಜಾಣ್ಮೆ! ನಮಗೆ ಮುಡಿ ಕಟ್ಟಲು ಬಾರದಿದ್ದರೂ ಅದರ ತತ್ತ್ವವನ್ನು ಬಳಸಬಹುದು. ಬಟ್ಟೆ, ಧಾನ್ಯಗಳನ್ನು ಮೊದಲು ಪ್ಲಾಸ್ಟಿಕ್ ಚೀಲದಲ್ಲಿ, ಮೇಲೆ ಗೋಣಿಯಲ್ಲಿ ಹಾಕಿ ದಬ್ಬಣದಿಂದ ಹೊಲಿಯಬೇಕು. ಲಾರಿಗೆ ಟಾರ್ಪಾಲು ಹೊದಿಸಬೇಕು, ಆಕಾಶ ತಿಳಿಯಾಗಿದ್ದರೂ ಸಹ.

ತೇವದ ಮಾತು ಬಂದಾಗ ಕಾಗದಪತ್ರಗಳನ್ನು ಮರೆಯುವಂತಿಲ್ಲ. ಹಿಂದಿನವರಿಗೆ ಭೂಮಿ, ಬಂಗಾರ ಸೊತ್ತಾಗಿದ್ದರೆ, ನಮ್ಮಂಥವರಿಗೆ ಕಾಗದವೇ ಸೊತ್ತು: ಪಡಿತರ ಚೀಟಿ, ಅಂಕಪಟ್ಟಿ, ಜಾತಿ ಮತ್ತು ಆದಾಯದ ಪ್ರಮಾಣಪತ್ರ. ನಮ್ಮ ಓಣಿಯ ಹುಡುಗನೊಬ್ಬನ ಮನೆಯವರು ಜೂನ್ ತಿಂಗಳಲ್ಲಿ ಮನೆ ಬದಲಿಸಿದಾಗ ಅವನ ಅಂಕಪಟ್ಟಿಯಿದ್ದ ಪೆಟ್ಟಿಗೆಯು ತೆರೆದ ಟೆಂಪೋದಲ್ಲಿ ನೆನೆದು ಮುದ್ದೆಯಾಯಿತು. ನಕಲು ಪ್ರತಿಗಾಗಿ ಅರ್ಜಿ ಹಾಕಿ ಕಾಯುವಷ್ಟರಲ್ಲಿ ಪ್ರವೇಶದ ಕೊನೆಯ ದಿನ ದಾಟಿತು. ಮರುವರ್ಷ ಆತ ಪುನಃ ಪ್ರಯತ್ನಿಸಲಿಲ್ಲ. ಈಗ ನನ್ನ ತಂದೆಯವರ ಜೊತೆ ಮೂಟೆ ಹೊರುತ್ತಾನೆ. ಹೊರುವ ಕೆಲಸ ಹೀನವೆಂದು ನಾನು ಹೇಳಲಾರೆ. ಅದರ ಅನ್ನವನ್ನೇ ಉಂಡು ಓದಿದ್ದೇನೆ. ಆದರೆ ಓದಬೇಕೋ ಹೊರಬೇಕೋ ಎಂಬುದನ್ನು ಅವನು ನಿರ್ಧರಿಸಬೇಕಾಗಿತ್ತು. ಒಂದು ಸಂಜೆಯ ಮಳೆ ನಿರ್ಧರಿಸಬಾರದಿತ್ತು. ಆದುದರಿಂದ ಕಾಗದಗಳನ್ನು ಎಲ್ಲಕ್ಕಿಂತ ಮೊದಲು ಕಟ್ಟಬೇಕು. ನೀರು ತಾಗದ ಹೊದಿಕೆಯಲ್ಲಿ, ಮನೆಯವರ ಹೆಗಲಿನ ಚೀಲದಲ್ಲಿಯೇ ಹೋಗಬೇಕು. ಫೋನಿನಲ್ಲಿ ಒಂದೊಂದರ ಚಿತ್ರವನ್ನು ತೆಗೆದಿಟ್ಟುಕೊಂಡರೆ ಇನ್ನೂ ಲೇಸು.

ಇನ್ನು ಕಟ್ಟುವ ಕ್ರಮ. ಅಪರೂಪಕ್ಕೆ ಬಳಸುವ ವಸ್ತು ಮೊದಲು, ಅಡಿಗೆಮನೆ ಕಡೆಗೆ. ಬಂದರಿನ ಮೂಟೆಗಳ ಮೇಲೆ ವರ್ತಕರ ಗುರುತು ಇರುವಂತೆ ಪ್ರತಿ ಗಂಟಿಗೂ ಒಂದು ಸಂಖ್ಯೆ ಬರೆದು, ಒಳಗೇನಿದೆ ಎಂಬುದನ್ನು ಪುಸ್ತಕದಲ್ಲಿ ಗುರುತಿಸಬೇಕು. ನನ್ನ ತಾಯಿಗೆ ಅಕ್ಷರ ಬಾರದುದರಿಂದ ನಮ್ಮಲ್ಲಿ ಸಂಖ್ಯೆಯ ಪಕ್ಕದಲ್ಲಿ ಚಿತ್ರವನ್ನೂ ಬರೆಯುತ್ತೇವೆ: ಗಡಿಗೆಯಿದ್ದರೆ ಅಡಿಗೆಮನೆ, ಚಾಪೆಯಿದ್ದರೆ ಮಲಗುವ ಕೋಣೆ. ಹೊರುವವರಿಗೂ ಇದು ಅನುಕೂಲ. ಮೊದಲ ರಾತ್ರಿಗೆ ಬೇಕಾದ ಅಕ್ಕಿ, ಒಂದು ಪಾತ್ರೆ, ಬೆಂಕಿಪೆಟ್ಟಿಗೆ, ಔಷಧಿ, ಚಾಪೆ, ಹಾಲು ಉಕ್ಕಿಸುವ ಪಾತ್ರೆ ಇವುಗಳ ಗಂಟು ಬೇರೆಯಾಗಿರಲಿ.

ಅರ್ಥಶಾಸ್ತ್ರದ ತರಗತಿಯಲ್ಲಿ ಆಡಂ ಸ್ಮಿತ್ತನ ಗುಂಡುಸೂಜಿಯ ಕಾರ್ಖಾನೆಯ ವಿಚಾರವನ್ನು ನಾವೆಲ್ಲರೂ ಓದಿದ್ದೇವೆ. 1776ರಲ್ಲಿ ಪ್ರಕಟವಾದ ಆ ಗ್ರಂಥದ ಕರ್ತನು ಕೆಲಸಗಾರರ ಕೈಚಳಕವನ್ನು ಗಮನಿಸಿ ಬರೆದುದರಿಂದಲೇ ನಾವು ಇಂದಿಗೂ ಅದನ್ನು ಓದುತ್ತಿದ್ದೇವೆ. ಧಕ್ಕೆಯ ಮೇಲೆ, ಹೊಲದ ಅಂಚಿನಲ್ಲಿ, ನಮ್ಮ ನಮ್ಮ ಅಡಿಗೆಮನೆಗಳಲ್ಲಿ ಇಂಥ ಎಷ್ಟೋ ತಿಳಿವಳಿಕೆ ಕೈಯಿಂದ ಕೈಗೆ ದಾಟುತ್ತಿದೆ; ಕಾಗದಕ್ಕೆ ಇಳಿದುದು ಕಡಮೆ. ಮನೆತನದಲ್ಲಿ ಮೊದಲ ಬಾರಿಗೆ ಪದವಿಯ ಮೆಟ್ಟಲನ್ನು ಹತ್ತುತ್ತಿರುವ ನನ್ನಂಥ ಮಿತ್ರರು ನಮ್ಮ ಕಾಲೇಜಿನಲ್ಲಿ ಅನೇಕರಿದ್ದಾರೆ. ತಂದೆತಾಯಿಯರ ಕಸಬನ್ನು ಅವರು ಒಬ್ಬೊಬ್ಬರೂ ಒಂದೊಂದು ಪುಟ ಬರೆದರೂ ಮುಂದಿನ ವರ್ಷದ ಸಂಚಿಕೆ ತುಂಬೀತು.