ಎಣಿಕೆ ಕಣ್ಣಿಗೆ ಕಾಣುವ ಯಂತ್ರ

ಇಂಗ್ಲೆಂಡಿನ ಬ್ಲೆಚ್ಲಿ ಪಾರ್ಕ್ ಎಂದರೆ ಎರಡನೇ ಮಹಾಯುದ್ಧದ ಗೂಢಲಿಪಿ ಒಡೆದವರ ಕತೆಗಳೇ ನೆನಪಾಗುತ್ತವೆ. ಅದೇ ಆವರಣದ ಎಚ್ ಬ್ಲಾಕ್‌ನಲ್ಲಿ ಈಗ ನ್ಯಾಷನಲ್ ಮ್ಯೂಸಿಯಂ ಆಫ್ ಕಂಪ್ಯೂಟಿಂಗ್ ಇದೆ. ಹಳೆಯ ಕಂಪ್ಯೂಟರ್ ಉಳಿದಿದ್ದರೆ ಸಾಲದು, ಓಡಬೇಕು ಎಂಬುದು ಇಲ್ಲಿನವರ ಹಟ. ನನ್ನ ಮಟ್ಟಿಗೆ ಅದೇ ಸರಿ. ಕರೆಂಟು ಹರಿಯದ ಮೇನ್‌ಫ್ರೇಮ್ ಬರೀ ಕಬ್ಬಿಣದ ಬೀರು.

ಆ ಹಟ ಚೆನ್ನಾಗಿ ಫಲಿಸಿರುವುದು ಹಾರ್ವೆಲ್ ಡೆಕಾಟ್ರಾನ್‌ನಲ್ಲಿ. ಎರಡೂವರೆ ಟನ್ ತೂಗುವ ಈ ಕಂಪ್ಯೂಟರ್ 1951ರಲ್ಲಿ ಹಾರ್ವೆಲ್‌ನ ಪರಮಾಣು ಸಂಶೋಧನಾ ಕೇಂದ್ರದಲ್ಲಿ ಕೆಲಸ ಶುರು ಮಾಡಿತು. ಒಂದು ಗುಣಾಕಾರಕ್ಕೆ ಐದರಿಂದ ಹತ್ತು ಸೆಕೆಂಡ್ ಹಿಡಿಯುತ್ತಿತ್ತು. ಆದರೆ ನಂಬಿಕಸ್ಥ ಯಂತ್ರ. ಯಾರೂ ಪಕ್ಕದಲ್ಲಿಲ್ಲದಿದ್ದರೂ ದಿನಗಟ್ಟಲೆ ಲೆಕ್ಕ ಮುಂದುವರಿಸುತ್ತಿತ್ತು.

ಇದರ ಮೆಮೊರಿಯೇ ಒಂದು ಸೊಗಸು. ಇದರ ಹೆಸರಿನಲ್ಲಿರುವ ಡೆಕಾಟ್ರಾನ್ ಎಂಬುದು ಅನಿಲ ತುಂಬಿದ ಪುಟ್ಟ ಗಾಜಿನ ಕೊಳವೆ. ಅದರ ತಲೆಯಲ್ಲಿ ವರ್ತುಲವಾಗಿ ಹತ್ತು ಸ್ಥಾನ. ಕಿತ್ತಳೆ ಬಣ್ಣದ ಬೆಳಕಿನ ಚುಕ್ಕೆ ಎಲ್ಲಿ ನಿಂತಿದೆಯೋ ಅದೇ ಆ ಅಂಕಿ. ಚುಕ್ಕೆ ಒಂಬತ್ತನ್ನು ದಾಟಿತೆಂದರೆ, ಶಾಲೆಯ ಮಗು ಸಂಕಲನದಲ್ಲಿ ದಶಕ ಎತ್ತಿಕೊಳ್ಳುವಂತೆ, ಪಕ್ಕದ ಕೊಳವೆಗೆ ಒಂದು ಸೇರುತ್ತದೆ. ಯಂತ್ರ ಎಣಿಸುವುದನ್ನು ಎದುರು ನಿಂತು ಓದಬಹುದು. ಇಂದಿನ ಯಾವ ಚಿಪ್ ಈ ಭಾಗ್ಯ ಕೊಡುತ್ತದೆ?

1957ರಲ್ಲಿ ಹಾರ್ವೆಲ್ ಇದನ್ನು ಸ್ಪರ್ಧೆಯೊಂದರ ಬಹುಮಾನವಾಗಿ ಇಟ್ಟಿತು. ಗೆದ್ದದ್ದು ವುಲ್ವರ್‌ಹ್ಯಾಂಪ್ಟನ್ನಿನ ಕಾಲೇಜು. ಅಲ್ಲಿ 1973ರವರೆಗೆ ವಿದ್ಯಾರ್ಥಿಗಳಿಗೆ ಪಾಠ ಹೇಳಿ, ಬರ್ಮಿಂಗ್‌ಹ್ಯಾಮ್ ವಸ್ತುಸಂಗ್ರಹಾಲಯ ಸೇರಿ, ಆ ಸಂಗ್ರಹಾಲಯ ಮುಚ್ಚಿದ ಮೇಲೆ ಬಿಡಿಭಾಗಗಳಾಗಿ ಉಗ್ರಾಣ ಹೊಕ್ಕಿತು. ಉಗ್ರಾಣದ ಫೋಟೊ ಒಂದರಲ್ಲಿ ಅದರ ನಿಯಂತ್ರಣ ಫಲಕವನ್ನು ಗುರುತು ಹಿಡಿದವರಿಂದಾಗಿ ಪತ್ತೆಯಾಯಿತು. 2009ರಲ್ಲಿ ಬ್ಲೆಚ್ಲಿಯ ಈ ಮ್ಯೂಸಿಯಂನ ಸ್ವಯಂಸೇವಕರು ದುರಸ್ತಿಗೆ ಕೂತರು, 2012ರ ನವೆಂಬರಿನಲ್ಲಿ ಚುಕ್ಕೆಗಳು ಮತ್ತೆ ಓಡಿದವು. ಮೂಲ ರೂಪದಲ್ಲೇ ಓಡುವ ಡಿಜಿಟಲ್ ಕಂಪ್ಯೂಟರುಗಳಲ್ಲಿ ಜಗತ್ತಿನಲ್ಲೇ ಹಳೆಯದೆಂಬ ಮನ್ನಣೆ ಇದಕ್ಕಿದೆ.

ಇದೇ ಮ್ಯೂಸಿಯಂನ ಇನ್ನೊಂದು ಯಂತ್ರ ಕೊಲೋಸಸ್‌ನ ಕತೆ ಬೇರೆ. ಜರ್ಮನರ ಲೊರೆಂಜ್ ಗೂಢಲಿಪಿ ಒಡೆಯಲು ಅಂಚೆ ಇಲಾಖೆಯ ಎಂಜಿನಿಯರ್ ಟಾಮಿ ಫ್ಲವರ್ಸ್ ಕಟ್ಟಿದ ಈ ಬಗೆಯ ಯಂತ್ರಗಳಲ್ಲಿ ಮೊದಲನೆಯದು 1944ರಲ್ಲಿ ಬ್ಲೆಚ್ಲಿಯಲ್ಲಿ ಕೆಲಸಕ್ಕಿಳಿಯಿತು. ಯುದ್ಧ ಮುಗಿದ ಮೇಲೆ ಗುಟ್ಟು ಕಾಯಲೆಂದು ಬಹುಪಾಲು ಕೊಲೋಸಸ್‌ಗಳನ್ನು ಕಳಚಿಹಾಕಿದರು. ನಕ್ಷೆಗಳನ್ನು ಫ್ಲವರ್ಸ್ ಕೈಯಿಂದಲೇ ಸುಡಿಸಿದರು. ಉಳಿದದ್ದು ಕೆಲವು ಫೋಟೊ, ಕೆಲವು ಎಂಜಿನಿಯರುಗಳು ಕದ್ದಿಟ್ಟುಕೊಂಡಿದ್ದ ಸರ್ಕ್ಯೂಟ್ ಚಿತ್ರ. ಅಷ್ಟನ್ನೇ ಹಿಡಿದು ಟೋನಿ ಸೇಲ್ ಎಂಬವರು 1993ರಲ್ಲಿ ಮರುನಿರ್ಮಾಣಕ್ಕೆ ಇಳಿದರು. ಒಂಬತ್ತನೇ ಕೊಲೋಸಸ್ ಇದ್ದ ಜಾಗದಲ್ಲೇ, 2007ರ ಹೊತ್ತಿಗೆ, ವಾಲ್ವ್‌ಗಳ ಆ ಯಂತ್ರ ಮತ್ತೆ ಗೂಢಲಿಪಿ ಒಡೆಯುತ್ತಿತ್ತು. ಸೇಲ್ 2011ರಲ್ಲಿ ತೀರಿಕೊಂಡರು. ಅದನ್ನು ನಡೆಸಿಕೊಂಡು ಬರುತ್ತಿರುವವರು ಈಗ ಅಲ್ಲಿನ ಸ್ವಯಂಸೇವಕರು.